ಮೌನವೂ ದಾನವೂ

ಮೌನವು ಸಮ್ಮತಿಯ ಲಕ್ಷಣವೆಂಬುದು ಲೋಕರೂಢಿ. ಮದುವೆಯ ಮಾತುಕತೆಗಳಲ್ಲಿ ಈ ರೂಢಿಯು ಎಷ್ಟು ಅನರ್ಥಕ್ಕೆ ಎಡೆಗೊಟ್ಟಿದೆಯೆಂಬುದನ್ನು ವಾಚಕರೇ ಬಲ್ಲರು. ಗಣಕಯಂತ್ರಗಳ ಈ ಕಾಲದಲ್ಲಿ ಅದೇ ಪ್ರಶ್ನೆಯು ಹೊಸ ವೇಷದಿಂದ ಬಂದಿದೆ.

ವಿದ್ಯಾರಣ್ಯಪುರದ ತರುಣನೊಬ್ಬನು ಕನ್ನಡದ ಅಕ್ಷರಗಳನ್ನು ಮೂಡಿಸುವ ತಂತ್ರಾಂಶವೊಂದನ್ನು ಪೊಟ್ಟಣ ಕಟ್ಟಿ, ಡೆಬಿಯನ್ ಎಂಬ ಸಾರ್ವಜನಿಕ ತಂತ್ರಾಂಶಭಂಡಾರಕ್ಕೆ ಒಪ್ಪಿಸಬಯಸುತ್ತಾನೆಂದು ಭಾವಿಸೋಣ. ಅಲ್ಲಿ ಪ್ರತಿಯೊಂದು ಪೊಟ್ಟಣದೊಡನೆಯೂ ಕರ್ತೃಗಳ ಹೆಸರನ್ನೂ ಪರವಾನಗಿಯನ್ನೂ ಬರೆದಿಡಬೇಕೆಂಬುದು ನಿಯಮ. ತಂತ್ರಾಂಶದ ಕರ್ತೃವಾದರೋ ಮೂಲಸಂಹಿತೆಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಇರಿಸಿದ್ದಾನೆ. ಆದರೆ ಒಂದು ಕಡತದಲ್ಲಿ ‘ಯಾರಾದರೂ ಬಳಸಬಹುದು’ ಎಂದಿದೆ, ಇನ್ನೊಂದರಲ್ಲಿ ‘ವ್ಯಾಪಾರಕ್ಕೆ ಕೂಡದು’ ಎಂದಿದೆ, ಮೂರನೆಯದರಲ್ಲಿ ಮಾತೇ ಇಲ್ಲ. ತರುಣನು ಏನು ಮಾಡತಕ್ಕದ್ದು?

ಬಚ್ಚಿಡದವನು ಕೊಟ್ಟವನೇ ಅಲ್ಲವೆ, ಇನ್ನು ಕೇಳುವುದು ಬರಿಯ ಶುಷ್ಕವಾದವಲ್ಲವೆ ಎಂದು ಕೆಲವರು ಹೇಳುವರು. ನನಗೆ ಹಾಗೆ ತೋರುವುದಿಲ್ಲ. ಬೇಲಿಯ ಮೇಲೆ ಅರಳಿದ ದಾಸವಾಳವು ಬೀದಿಗೆಲ್ಲ ಕಾಣುತ್ತದೆ. (ದೇವರಪೂಜೆಗೆಂದು ನಸುಕಿನಲ್ಲಿಯೇ ಅದನ್ನು ಕೊಯ್ದೊಯ್ಯುವ ಸಜ್ಜನರು ನಮ್ಮಲ್ಲಿ ಕಡಮೆಯಿಲ್ಲವೆಂಬುದು ಬೇರೆ ಮಾತು!) ಕಾಣಿಸುವುದು ಒಂದು, ಕೊಡುವುದು ಇನ್ನೊಂದು. ಅದೂ ಅಲ್ಲದೆ ಪೊಟ್ಟಣ ಕಟ್ಟುವವನು ತಾನೊಬ್ಬನೇ ಬಳಸಿ ಸುಮ್ಮನಾಗುವವನಲ್ಲ; ‘ತಿದ್ದಿರಿ, ಹಂಚಿರಿ, ಬೇಕಾದರೆ ಮಾರಿರಿ’ ಎಂದು ಲೋಕಕ್ಕೆಲ್ಲ ಮಾತು ಕೊಡುವವನು. ಪರರ ವಸ್ತುವಿನಿಂದ ಅವರ ಪರವಾಗಿ ಉದಾರಿಯಾಗುವುದು ಔದಾರ್ಯವೆನಿಸೀತೆ? ಆ ಮಾತನ್ನು ನಂಬಿ ನಡೆದ ಶಾಲೆಯೋ ಅಂಗಡಿಯೋ ವ್ಯಾಜ್ಯಕ್ಕೆ ಸಿಕ್ಕಿಕೊಂಡರೆ ಹೊಣೆ ಯಾರದು?

ನಮ್ಮ ದೇಶದ ಕಾನೂನೂ ಮೌನವನ್ನು ದಾನವೆಂದೆಣಿಸುವುದಿಲ್ಲ. 1957ರ ಕೃತಿಸ್ವಾಮ್ಯದ ಶಾಸನವು 1984ರಲ್ಲಿ ತಿದ್ದುಪಡಿಯಾಗಿ ಗಣಕಕ್ರಮವಿಧಿಗಳೂ ಸಾಹಿತ್ಯಕೃತಿಗಳ ಸಾಲಿಗೆ ಸೇರಿದುವು. ನೋಂದಣಿಯಿಲ್ಲದೆಯೇ ಸ್ವಾಮ್ಯವು ಹುಟ್ಟುತ್ತದೆ, ಕರ್ತೃವು ಗತಿಸಿದ ಮೇಲೂ 60 ವರ್ಷ ನಿಲ್ಲುತ್ತದೆ, ಪರವಾನಗಿಯು ಬರಹದಲ್ಲಿರಬೇಕು.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಶಾಸನಸಂಪುಟವನ್ನು ತೆರೆದು ನೋಡಿದರೆ ದಾನಶಾಸನಗಳ ರೀತಿಯು ತಿಳಿಯುತ್ತದೆ. ಕೊಟ್ಟವರಾರು, ಪಡೆದವರಾರು, ಭೂಮಿಯ ಎಲ್ಲೆ ಯಾವುದು, ಎಷ್ಟು ಕಾಲದ ವರೆಗೆ ಎಂದು ಕಲ್ಲಿನ ಮೇಲೆ ಕೊರೆಯಿಸುತ್ತಿದ್ದರು. ಧಾರೆಯ ನೀರು ಅಂಗೈಯಲ್ಲಿಯೇ ಆರಿಹೋಗುತ್ತದಷ್ಟೆ. ಈಚಿನ ನಿದರ್ಶನವೂ ನಮ್ಮೂರಿನಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನು ಯಾರು ಬೇಕಾದರೂ ಗ್ರಂಥಾಲಯದಲ್ಲಿ ಓದಬಹುದಾಗಿತ್ತು. ಆದರೆ 2014ರಲ್ಲಿ ಅದರ ಆರು ಸಂಪುಟಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಬಾಯಿಬಿಟ್ಟು ಸಾರಿದಮೇಲೆಯೇ ಇತರರು ನಿರಾತಂಕವಾಗಿ ಅವನ್ನು ಹಂಚುವ ಹಕ್ಕು ಹುಟ್ಟಿತು.

ಆದುದರಿಂದ ತರುಣನು ಕರ್ತೃವಿಗೆ ಕಾಗದ ಬರೆಯಬೇಕು. ಇಂಥ ಪರವಾನಗಿಯನ್ನೇ ಕೊಡಿರೆಂದು ಬಲವಂತಪಡಿಸಕೂಡದು. ತಮ್ಮ ಅಭಿಪ್ರಾಯವನ್ನು ಮೂಲಸಂಹಿತೆಯ ಜೊತೆಗೇ ಬರೆದಿಡಿರೆಂದು ಬೇಡಬೇಕು, ಏಕೆಂದರೆ ಖಾಸಗಿ ಕಾಗದವು ಮುಂದಿನವರ ಕೈಗೆ ಸೇರುವುದಿಲ್ಲ. ಕೆಲವು ಮೌನಗಳಿಗೆ ಪರವಾನಗಿಯಲ್ಲಿಯೇ ಉತ್ತರವುಂಟು: ಗ್ನೂ ಸಾರ್ವಜನಿಕ ಪರವಾನಗಿಯ ಎಷ್ಟನೆಯ ಆವೃತ್ತಿಯೆಂದು ಕರ್ತೃವು ಹೇಳದಿದ್ದರೆ, ಪ್ರಕಟವಾದ ಯಾವುದನ್ನಾದರೂ ಆರಿಸಿಕೊಳ್ಳಬಹುದೆಂದು 1991ರ ಎರಡನೆಯ ಆವೃತ್ತಿಯೇ ಹೇಳುತ್ತದೆ. ಉತ್ತರವೇ ಬಾರದಿದ್ದರೆ? ಕರ್ತೃವು ತೀರಿಕೊಂಡು, ವಾರಸುದಾರರ ಸುಳಿವೂ ಇಲ್ಲದಿದ್ದರೆ? ಆಗ ಆ ಕಡತವನ್ನು ಕೈಬಿಟ್ಟು, ಸಾಧ್ಯವಾದರೆ ಅದರ ಕೆಲಸವನ್ನು ಹೊಸದಾಗಿ ಬರೆದು ಸೇರಿಸಬೇಕು. ಅದುವರೆಗೆ ಕೆಲವು ಮನೆಗಳಲ್ಲಿ ಕನ್ನಡದ ಅಕ್ಷರಗಳು ಸರಿಯಾಗಿ ಮೂಡಲಾರವು. ಆ ನಷ್ಟವು ನಿಜವಾದುದೇ. ಅದನ್ನು ಸಹಿಸುವುದೇ ಲೇಸೆಂದು ನನ್ನ ಮತ.