ಚೀಟಿ ಎಸೆಯೋ ಮೊದಲು

ಕೋಟನೂರಿನ ನಮ್ಮ ಮನೆಯಲ್ಲಿ ಒಂದು ಕಾಯ್ದೆ ಪುಸ್ತಕ ಇದೆ. ಹಳೇ ನೋಟ್‌ಬುಕ್ಕು. ಮುಂದಿನಿಂದ ತೆಗೆದರೆ ಹಾಲಿನ ಲೆಕ್ಕ, ಹಿಂದಿನಿಂದ ತೆಗೆದರೆ ಕಾಯ್ದೆ. ಒಂದೊಂದು ಕಲಮಿನ ಕೆಳಗೂ ದುಂಡನೆಯ ಸರಕಾರಿ ಮುದ್ರೆ. ಚಾ ಕಪ್ಪಿನ ತಳವನ್ನು ಇಂಕಿನಲ್ಲಿ ಅದ್ದಿ ಒತ್ತಿದ್ದು.

ಈ ಕಾಯ್ದೆ ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಕೊರೋನಾಕ್ಕೆ ದೇಶದಲ್ಲಿ ಮೊದಲು ಸತ್ತವರು ನಮ್ಮ ಕಲಬುರಗಿಯವರು. ಹಿಂಗಾಗಿ ಉಳಿದ ಊರುಗಳಿಗಿಂತ ಮೊದಲೇ ನಮಗೆ ಹೆದರಿಕೆ ಬಂದಿತ್ತು. ಮಾರ್ಚ್ 25ರಿಂದ ದೇಶವೇ ಬಂದ್ ಆಯಿತು. ಜೇವರ್ಗಿ ರಸ್ತೆ ಸುಮ್ಮನಾಯಿತು. ಬಿಸಿಲು ಏರುತ್ತಿತ್ತು, ನಡುನಡುವೆ ಕರೆಂಟ್ ಹೋಗುತ್ತಿತ್ತು. ಮಕ್ಕಳು ಮೊಬೈಲ್ ನೋಡಿ ನೋಡಿ ಬ್ಯಾಸತ್ತಾಗ ನಾನು ನನ್ನ ಕಾಲದ ಆಟ ಹೊರಗೆ ತೆಗೆದೆ: ರಾಜಾ, ಮಂತ್ರಿ, ಚೋರ್, ಸಿಪಾಯಿ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಾಲ್ಕು ಚೀಟಿ ಮಡಿಚಿ ಎಸೆಯೋದು, ಒಬ್ಬೊಬ್ಬರು ಒಂದೊಂದು ಎತ್ತೋದು. ರಾಜನಿಗೆ 1000 ಅಂಕ, ಮಂತ್ರಿಗೆ 800, ಸಿಪಾಯಿಗೆ 500, ಚೋರನಿಗೆ ಸೊನ್ನೆ. ಉಳಿದ ಇಬ್ಬರ ಮುಖ ನೋಡಿ ಚೋರ್ ಯಾರು ಅಂತ ಮಂತ್ರಿ ಹೇಳಬೇಕು. ತಪ್ಪಿದರೆ ಅವನ 800 ಚೋರನ ಪಾಲು. ಅಂದರೆ ಮುಖ ಮುಚ್ಚಿಟ್ಟುಕೊಳ್ಳೋ ಕಳ್ಳನಿಗೆ ಒಳ್ಳೇ ಆಮದನಿ.

ಎರಡೇ ದಿನಕ್ಕೆ ಇದೂ ಸಪ್ಪೆ ಆಯಿತು. ಆಗ ಕಾಯ್ದೆ ಶುರು. ಕಲಂ 1: ರಾಜ ಆದವರು ಬೆಂಗಳೂರು ಕನ್ನಡದಲ್ಲೇ ಮಾತಾಡಬೇಕು, ಬಾಯಿ ತಪ್ಪಿ 'ಹೌದಲಾ' ಅಂದರೆ 50 ಅಂಕ ದಂಡ. ಕಲಂ 2: ಚೋರ್ ಸಿಗೋವರೆಗೆ ಮಂತ್ರಿ ಎಡಗೈ ತಲೆ ಮೇಲೆ ಇಟ್ಟುಕೊಂಡೇ ಇರಬೇಕು. ಕಲಂ 3: ಸಿಕ್ಕ ಚೋರನಿಗೆ ಕಂಪೌಂಡ್ ಮೇಲಿನ ಬೆಕ್ಕೇ ವಕೀಲ, ಹತ್ತು ಎಣಿಸೋದರೊಳಗೆ ಬೆಕ್ಕು ಒದರಿದರೆ ಜಾಮೀನು. ಯಾರೂ ನಗಬಾರದು, ನಗೋದೂ ಅಪರಾಧ. ತಕರಾರು ಬಂದರೆ ತೀರ್ಪು ನಮ್ಮವ್ವನದು. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ, ನಮ್ಮ ಮನೆಗೆ 2020ರಲ್ಲಿ.

ಆಡುವವರು ನಾಲ್ಕು ಮಂದಿ. ನಾನು, ನನ್ನ ಮಗಳು, ಮಗ, ಮತ್ತು ಹಿಂದಿನ ಖೋಲಿಯಲ್ಲಿ ಬಾಡಿಗಿಗೆ ಇದ್ದವರ ಹುಡುಗ. ಹನ್ನೊಂದು ವರ್ಷದವ. ಅವನ ಅಪ್ಪನದು ಆಟೋ. ಆಟೋ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತ್ತು. ಬಾಡಿಗಿ ಎರಡು ತಿಂಗಳದ್ದು ಬಾಕಿ. "ಇದ್ದಾಗ ಕೊಡ್ರಿ, ಎಲ್ಲಿ ಓಡಿ ಹೋಗ್ತದ" ಅಂತ ನಾನೇ ಹೇಳಿದ್ದೆ. ಹೇಳಿ, ನಾನು ಬಲೇ ಒಳ್ಳೆಯವ ಅಂದುಕೊಂಡಿದ್ದೆ ಕೂಡ.

ಈ ಹುಡುಗ ಚೋರ್ ಆದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ನಾಲ್ಕು ಸಲ ಚೋರ್ ಆದ, ನಾಲ್ಕೂ ಸಲ ಪಾರಾದ. 3200 ಅಂಕ. ನಾನು ಎಲ್ಲರಿಗಿಂತ ಕೆಳಗೆ ಇದ್ದೆ. ನೋಟ್‌ಬುಕ್ ಎಳೆದುಕೊಂಡು ಬರೆದೆ, ಗಂಭೀರ ದನಿಯಲ್ಲಿ ಓದಿದೆ: "ಕಲಂ 9. ಹಿಂದಿನ ಖೋಲಿಯವರು ಚೋರ್ ಆಗಿ ಗಳಿಸಿದ ಅಂಕದಾಗ ಅರ್ಧಾ, ಬಾಡಿಗಿ ಅಂತ ಮನಿ ಮಾಲಕರ ಖಾತೆಗೆ ಜಮಾ. ಇವತ್ತಿನ ಮೊದಲನೇ ಆಟದಿಂದಲೇ ಜಾರಿ." ಕಪ್ಪಿನ ತಳದ ಮುದ್ರೆಯನ್ನೂ ಒತ್ತಿದೆ.

ಮಕ್ಕಳು ನಕ್ಕರು. ಹುಡುಗನೂ ನಕ್ಕ.

ನಗದೇ ಇದ್ದವಳು ಅವ್ವ ಒಬ್ಬಳೇ. "ಚೀಟಿ ಎಸೆಯೋ ಮೊದ್ಲ ಹೇಳಿದ್ರ ಅದು ಕಾಯ್ದೆ. ಎಸೆದ ಮ್ಯಾಲ ಹೇಳಿದ್ರ ದರೋಡಿ. ಅವನ ಅಂಕ ಅವನಿಗಿ ಕೊಡು" ಅಂದಳು. ಕೋರ್ಟು ಹೇಳಿದ ಮೇಲೆ ಮುಗೀತು. ಕಲಂ 9ಕ್ಕೆ ಅಡ್ಡಗೆರೆ ಬಿತ್ತು, 1600 ಅಂಕ ವಾಪಸ್ ಹೋಯಿತು.

ಅವ್ವ ಸಾಲಿ ಕಲಿತದ್ದು ನಾಲ್ಕನೇತ್ತೆವರೆಗೆ. ಆದರೆ ಅವಳು ಹೇಳಿದ ಮಾತು ನಮ್ಮ ಸಂವಿಧಾನದ 20ನೇ ವಿಧಿಯಲ್ಲಿದೆ. ಮಾಡಿದಾಗ ಅಪರಾಧ ಅಲ್ಲದ್ದಕ್ಕೆ ಆಮೇಲೆ ಕಾಯ್ದೆ ತಂದು ಶಿಕ್ಷೆ ಕೊಡೋ ಹಂಗಿಲ್ಲ. ಪೀಟರ್ ಸೂಬರ್ ಅನ್ನೋ ಅಮೆರಿಕದ ತತ್ವಶಾಸ್ತ್ರಜ್ಞ 1982ರಲ್ಲಿ 'ನಾಮಿಕ್' ಅಂತ ಒಂದು ಆಟವನ್ನೇ ಕಟ್ಟಿದ. ಅದರಲ್ಲಿ ನಿಯಮ ಬದಲಿಸೋದೇ ಆಟ. ಏನು ಬೇಕಾದರೂ ನಿಯಮ ತರಬಹುದು, ಎಷ್ಟು ಹುಚ್ಚು ಇದ್ದರೂ ನಡೀತದೆ. ಆದರೆ ಅಲ್ಲೂ ಶುರುವಿನ ನಿಯಮಗಳಲ್ಲಿ ಒಂದು ಇದೇ: ಹೊಸ ನಿಯಮ ಹಿಂದಿನದಕ್ಕೆ ಅನ್ವಯಿಸಬಾರದು.

ಹಂಗಾದರೆ ನನ್ನ ತಪ್ಪು ಹೊತ್ತು ತಪ್ಪಿದ್ದಷ್ಟೇ ಅಂದುಕೊಂಡೆ. ನಿಯಮ ಹುಚ್ಚು ಆಗಿದ್ದು ತಪ್ಪಲ್ಲ. ಬೆಕ್ಕು ವಕೀಲ ಆದದ್ದರಿಂದ ಯಾರಿಗೂ ಅನ್ಯಾಯ ಆಗಿರಲಿಲ್ಲ, ಬೆಕ್ಕು ಎಲ್ಲರಿಗೂ ಒಂದೇ ಥರ ಒದರುತ್ತಿತ್ತು. ನಾನು ಗೆಲ್ಲುವವನ ಮುಖ ನೋಡಿ ನಿಯಮ ಮಾಡಿದೆ, ಅದು ತಪ್ಪು. ಕೋರ್ಟು ಸರಿ ಮಾಡಿತು. ಕೇಸು ಮುಗಿಯಿತು.

ಮುಗಿದಿರಲಿಲ್ಲ. ಮರುದಿನದಿಂದ ಹುಡುಗ ಕರೆದರೆ ಮಾತ್ರ ಬರತೊಡಗಿದ. ಬಂದು ಸೋಲತೊಡಗಿದ. ಚೋರ್ ಚೀಟಿ ಬಂದ ಕೂಡಲೇ ಕೆಳಗೆ ನೋಡುತ್ತಿದ್ದ, ಕಿವಿ ಮುಟ್ಟಿಕೊಳ್ಳುತ್ತಿದ್ದ. ಯಾರಾದರೂ ಹಿಡೀಬೇಕು, ಹಂಗೆ. ನನಗೆ ಅದೂ ಹೊಳೆಯಲಿಲ್ಲ. ನಾನೇ ಶಾಣ್ಯಾ ಆಗಿಬಿಟ್ಟೆ ಅನಕೊಂಡು ಮಂತ್ರಿಯಾಗಿ ಹಿಡಿದಿದ್ದೇ ಹಿಡಿದಿದ್ದು. ನಾಲ್ಕೈದು ದಿನದ ಮೇಲೆ ಮಗಳು ಹೇಳಿದಳು, "ಅಪ್ಪಾ, ಅವ ಬೇಕಂತ ಸಿಗ್ಲಕತ್ಯಾನ. 'ಮಾಲಕರ ಮುಂದ ಭಾಳ ಗೆಲ್ಲಬ್ಯಾಡ' ಅಂತ ಅವರವ್ವ ಹೇಳ್ಯಾಳ. ನಾ ಕೇಳೀನಿ."

ಆ ರಾತ್ರಿ ಮಾಳಿಗಿ ಮೇಲೆ ಮಲಗಿ ಬಹಳ ಹೊತ್ತು ವಿಚಾರ ಮಾಡಿದೆ. ಕಲಂ 9ನ್ನು ನಾನು ಚೀಟಿ ಎಸೆಯೋ ಮೊದಲೇ ಓದಿದ್ದರೆ? ಅವ್ವನ ಕೋರ್ಟೂ ಒಪ್ಪುತ್ತಿತ್ತು. ಆದರೆ ಹುಡುಗ 'ಇದು ಬ್ಯಾಡ' ಅನ್ನಬಹುದಿತ್ತೇ? 'ಹಂಗಾದ್ರ ನಾ ಆಡಲ್ಲ' ಅಂತ ಎದ್ದು ಹೋಗಬಹುದಿತ್ತೇ? ನನ್ನ ಮಗ ದಿನಕ್ಕೆ ಎರಡು ಸಲ ಹಂಗೆ ಎದ್ದು ಹೋಗುತ್ತಿದ್ದ, ಕಾಲು ಅಪ್ಪಳಿಸಿಕೊಂಡು. ಈ ಹುಡುಗ ಒಂದು ದಿನವೂ ಹೋಗಿರಲಿಲ್ಲ. ಅದನ್ನು ನಾನು ಒಳ್ಳೇ ನಡತೆ ಅಂದುಕೊಂಡಿದ್ದೆ. ನನ್ನ ಕಲಂ ಕೇಳಿ ಅವನು ನಕ್ಕಾಗ, ಅವನಿಗೂ ಮಜಾ ಬಂತು ಅಂದುಕೊಂಡಿದ್ದೆ. ಆ ಮನೆಯಲ್ಲಿ ಬಾಡಿಗಿ ಅನ್ನೋ ಶಬ್ದ ಬಂದಾಗ ನಗೋದು ಬಿಟ್ಟು ಅವನಿಗೆ ಬೇರೆ ದಾರಿ ಏನಿತ್ತು?

ಬರ್ನಾರ್ಡ್ ಸೂಟ್ಸ್ ಅನ್ನೋ ಪ್ರಾಧ್ಯಾಪಕ 1978ರ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಆಟ ಅಂದರೆ ಏನು ಅಂತ ಬಿಡಿಸಿ ಹೇಳಿದ್ದಾನೆ. ಇಲ್ಲದ ಅಡ್ಡಿಗಳನ್ನು ತಾವಾಗಿಯೇ ತಂದಿಟ್ಟುಕೊಂಡು, ಅವನ್ನು ದಾಟೋ ಪ್ರಯತ್ನವೇ ಆಟ ಅಂತ ಅವನ ಮಾತಿನ ಸಾರ. ನಾನು ಇಷ್ಟು ದಿನ ಅಡ್ಡಿಗಳ ಕಡೆ ನೋಡುತ್ತಿದ್ದೆ. ಎಡಗೈ, ಬೆಕ್ಕು, ಬೆಂಗಳೂರು ಕನ್ನಡ. 'ತಾವಾಗಿಯೇ' ಅನ್ನೋ ಶಬ್ದದ ಕಡೆ ನೋಡಿರಲಿಲ್ಲ. ನಾವು ಮೂವರು ಆಟ ಆಡುತ್ತಿದ್ದೆವು. ಅವನು ನಮ್ಮ ಮನೆಯಲ್ಲಿ ಒಂದು ಕೆಲಸ ಮಾಡುತ್ತಿದ್ದ.

ಮಹಾಭಾರತದ ಪಗಡೆ ನೆನಪಾಯಿತು. ಸಭೆಗೆ ದ್ರೌಪದಿ ಕೇಳಿದ ಪ್ರಶ್ನೆ ಆಟದ ನಿಯಮದ್ದೇ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತಾನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕಿಡೋ ಹಕ್ಕು ಎಲ್ಲಿಯದು? ಹಿರಿಯರೆಲ್ಲ ಕೂತಿದ್ದ ಸಭೆ. ಧರ್ಮ ಸೂಕ್ಷ್ಮ ಅಂದು ಭೀಷ್ಮ ಕೈಚೆಲ್ಲಿದ. ಕೌರವರಲ್ಲಿ ವಿಕರ್ಣ ಒಬ್ಬನೇ ಅವಳ ಪರವಾಗಿ ಮಾತಾಡಿದ. ನಿಯಮದ ಪ್ರಕಾರ ಸರಿಯೋ ತಪ್ಪೋ ಅನ್ನೋ ವಾದದಲ್ಲಿ ಒಂದು ಮಾತು ಹಿಂದೆ ಸರಿಯಿತು ಅನಿಸ್ತದೆ ನನಗೆ. ಅವಳು ಪಗಡೆಗೆ ಕೂತೇ ಇರಲಿಲ್ಲ. ಆಡಲು ಬಂದವರು ಸೋತರೆ ಅದು ಸೋಲು. 'ಒಲ್ಲೆ' ಅನ್ನಲು ಆಗದವರನ್ನು ಹಾಸಿನ ಮೇಲೆ ಇಟ್ಟರೆ, ನಿಯಮ ಎಷ್ಟು ಸರಿ ಇದ್ದರೂ ಅದು ಆಟ ಅಲ್ಲ.

ಸರಿ, ಮಾಡೋದೇನು? 'ನೀನು ಗೆಲ್ಲು' ಅಂತ ಹೇಳೋಣ ಅಂದುಕೊಂಡೆ. ಅದೂ ಮಾಲಕನ ಹುಕುಮೇ ಆಗುತ್ತಿತ್ತು. ಬಾಡಿಗಿ ಬಿಟ್ಟುಬಿಡ್ತೀನಿ ಅಂತ ಅವರಪ್ಪನಿಗೆ ಹೇಳಿದೆ. "ಬ್ಯಾಡ್ರೀ ಸಾಹೇಬ್ರ, ಲೆಕ್ಕ ಇರ್ಲಿ" ಅಂದ. ಅವನಿಗೆ ನನ್ನ ಉಪಕಾರವೂ ಬ್ಯಾಡಾಗಿತ್ತು. ಕೊನೆಗೆ ಒಂದೇ ಕೆಲಸ ನನ್ನ ಕೈಯಲ್ಲಿತ್ತು. ಹುಡುಗನ ಎದುರಿಗೆ ಕೂತು, "ಆ ಬಾಡಿಗಿ ಕಲಂ ನಾ ಬರೀಬಾರದಿತ್ತು, ತಪ್ಪಾತಪ್ಪಾ" ಅಂದೆ. ಈ ಸಲ ಗಂಭೀರ ದನಿ ಮಾಡಲಿಲ್ಲ, ಮುದ್ರೆ ಒತ್ತಲಿಲ್ಲ. ಅವನು "ಇರ್ಲಿ ಬಿಡ್ರಿ ಕಾಕಾ, ಆಟ ಅಲಾ" ಅಂದ. ಆ ಮಾತಿಗೆ ನನಗೆ ಮತ್ತಷ್ಟು ಕಸಿವಿಸಿ ಆಯಿತು. ಆಮೇಲೂ ಅವನು ಸೋಲುತ್ತಲೇ ಇದ್ದ.

ಮೇ ಮುಗಿಯೋ ಹೊತ್ತಿಗೆ ಆಟೋ ಮತ್ತೆ ರಸ್ತೆಗೆ ಇಳಿಯಿತು. ಸ್ವಲ್ಪ ಸ್ವಲ್ಪ ಕೊಟ್ಟು ಬಾಕಿ ಚುಕ್ತಾ ಆದದ್ದು ದಸರಾ ಮುಂದೆ. ಕೊನೆಯ ಕಂತು ಹುಡುಗನೇ ತಂದುಕೊಟ್ಟ. ಎಣಿಸಿಕೊಂಡು ಒಳಗಿಟ್ಟು ಬಂದೆ. ಕರೆಂಟ್ ಇರಲಿಲ್ಲ, ಮಕ್ಕಳು ಚೀಟಿ ಮಡಿಚುತ್ತಾ ಕೂತಿದ್ದರು. "ಬಾರಪ್ಪಾ, ಒಂದು ಕೈ ಕಮ್ಮಿ ಬಿದ್ದದ" ಅಂದೆ.

"ಒಲ್ಲೆ ಕಾಕಾ, ಕ್ರಿಕೆಟ್ ಆಡ್ಲಕ ಹೋಗ್ಲಕತ್ತೀನಿ" ಅಂದು ಗೇಟು ಬಡಿದುಕೊಂಡು ಓಡಿದ.

ಅಷ್ಟು ತಿಂಗಳಲ್ಲಿ ಅವನು ನನಗೆ ಒಲ್ಲೆ ಅಂದದ್ದು ಅದೇ ಮೊದಲು. ಮೂರೇ ಮಂದಿ ಆಡಿದೆವು. ಸಿಪಾಯಿ ಚೀಟಿ ನೋಟ್‌ಬುಕ್ಕಿನೊಳಗೆ ಇಟ್ಟೆ.