ಕಾಣದ ಕೇಳುಗರು

ಆಕಾಶವಾಣಿಯು 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಆರಂಭಿಸಿತು. ಶನಿವಾರ ರಾತ್ರಿಯ ಆ ಕಛೇರಿಗಳನ್ನು ಕೇಳುತ್ತಲೇ ನಮ್ಮಲ್ಲಿ ಅನೇಕರು ಬೆಳೆದೆವು. ಮಲ್ಲಿಕಾರ್ಜುನ ಮನಸೂರರ ಖಯಾಲು, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಊರು ಬಿಟ್ಟು ಬಂದವರ ಕ್ವಾರ್ಟರ್ಸಿಗೂ ರೇಡಿಯೋದಲ್ಲಿ ಬಂದವು. ಟಿಕೆಟ್ಟಿಲ್ಲ, ಬಸ್ಸಿನ ಚಿಂತೆಯಿಲ್ಲ.

ಹೀಗೆ ಮನೆಬಾಗಿಲಿಗೆ ಬಂದ ಕಲೆಗೆ ಕೇಳುಗರು ಸಲ್ಲಿಸಬೇಕಾದ ಋಣವೇನಾದರೂ ಉಂಟೆ? ಸಭೆಯಲ್ಲಿ ಆಲಾಪದ ನಡುವೆ ಎದ್ದುಹೋಗಲು ನಾಚುತ್ತೇವೆ. ಮನೆಯಲ್ಲಿ ಅದೇ ಆಲಾಪದ ಮೇಲೆ ಬಾಡಿಗೆ, ಬಡ್ತಿಗಳ ಮಾತಾಡುತ್ತೇವೆ. ಗಾಯಕರಿಗೆ ನಾವು ಕಾಣುವುದಿಲ್ಲವಷ್ಟೆ!

ಗುಮಾಸ್ತರಾದ ನಮಗೆ ಈ ಪ್ರಶ್ನೆ ಚುಚ್ಚುತ್ತದೆ. ಸಾಹೇಬರು ರಜೆಯಲ್ಲಿದ್ದಾಗ ವಿಧವೆಯೊಬ್ಬರ ಪಿಂಚಣಿಯ ಕಡತವನ್ನು ನಾವು ವಾರಗಟ್ಟಲೆ ಮುಟ್ಟದೆ ಇಟ್ಟದ್ದುಂಟು. ಆಕೆಯೂ ನಮಗೆ ಕಾಣುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಹಾಡುವವರನ್ನು ನೆನೆಯಿರಿ. ಎದುರಿಗೆ ಮೈಕು, ಸುತ್ತ ಗೋಡೆ. ತಲೆದೂಗುವವರಿಲ್ಲ, 'ಭೇಷ್' ಎನ್ನುವವರಿಲ್ಲ. ಆದರೂ ಹಿರಿಯ ಕಲಾವಿದರು ಕಾಣದ ಕೇಳುಗರಿಗಾಗಿ ಒಂದು ಸ್ವರವನ್ನೂ ಅಗ್ಗ ಮಾಡಲಿಲ್ಲ. ನಮ್ಮ ಋಣ ಹುಟ್ಟುವುದು ಇಲ್ಲಿಯೇ.

ಹಾಗೆಂದು ಕೈಕಟ್ಟಿ ಕೂರಬೇಕೆಂದಲ್ಲ. ನಮ್ಮ ತಾಯಿ ಅವರೆಕಾಳು ಸುಲಿಯುತ್ತಲೇ ಕೇಳುತ್ತಿದ್ದರು; ಕೈ ಮೊರದಲ್ಲಿ, ಕಿವಿ ರಾಗದಲ್ಲಿ. ಪಕ್ಕದ ಮನೆಯ ಹುಡುಗನಿಗೆ ಪರೀಕ್ಷೆಯಿದ್ದರೆ ದನಿ ತಗ್ಗಿಸುತ್ತಿದ್ದರು. ಆ ಹುಡುಗನೂ ಗೋಡೆಯಾಚೆ ಇದ್ದವನೇ, ಕಣ್ಣಿಗೆ ಕಾಣದವನೇ.

ರೇಡಿಯೋ ಹಚ್ಚಿದರೆ ಮಾತು ನಿಲ್ಲಿಸೋಣ; ಕೇಳುವ ಮನಸ್ಸಿಲ್ಲದಿದ್ದರೆ ಆರಿಸೋಣ. ಸೋಮವಾರ ಆಫೀಸಿಗೆ ಹೋದಾಗ, ಮೂಲೆಯ ಆ ಕಡತವನ್ನೂ ಬಿಚ್ಚೋಣ.