ಇಬ್ಬರ ದೋಣಿ

ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಗಳು ತಾವೇ ಕಟ್ಟಿದ 24 ಅಡಿಯ 'ಸೆರಾಫಿನ್' ಹಾಯಿದೋಣಿಯನ್ನು 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀರಿಗಿಳಿಸಿದರು. ಅದಕ್ಕೆ ಎಂಜಿನ್ ಇರಲಿಲ್ಲ. ಮೆಕ್ಸಿಕೊದ ಕರಾವಳಿ ಮತ್ತು ದ್ವೀಪಗಳತ್ತ ಮೊದಲಾದ ಯಾನ ವರ್ಷಗಟ್ಟಲೆ ಬೆಳೆದು ಭೂಮಿಯನ್ನೇ ಸುತ್ತಿತು.

ಸಾಹಸಕ್ಕಿಂತ ನಮ್ಮನ್ನು ಕಾಡುವುದು ಬೇರೊಂದು ಸಂಗತಿ. ಇಬ್ಬರೇ ಇರುವ ದೋಣಿ ಸಾಗುತ್ತಿರುವಾಗ ಇಬ್ಬರೂ ಒಟ್ಟಿಗೆ ಮಲಗುವಂತಿಲ್ಲ. ಒಬ್ಬರು ಎಚ್ಚರವಿದ್ದರೆ ಮಾತ್ರ ಇನ್ನೊಬ್ಬರಿಗೆ ನಿದ್ದೆ. ಅದೂ ನಡುಗಡಲಿಗಿಂತ ದಡದ ಹತ್ತಿರ, ದ್ವೀಪಗಳ ನಡುವೆಯೇ ಎಚ್ಚರ ಹೆಚ್ಚು ಬೇಕು. ಬಂಡೆ, ಮರಳದಿಣ್ಣೆ, ಹಡಗುಗಳ ಓಡಾಟ ಇರುವುದು ಅಲ್ಲಿಯೇ.

ಹಾಗಾದರೆ ದಾಂಪತ್ಯದ ನಂಬಿಕೆ ಎಂದರೇನು? ಬರಿದೇ ಜೊತೆಗಿರುವುದೋ, ಜೊತೆಗಾರರ ಕೈಗೆ ಪ್ರಾಣವನ್ನೊಪ್ಪಿಸಿ ಕಣ್ಣು ಮುಚ್ಚುವುದೋ? ಎರಡನೆಯದೇ ಎಂದು ನಮಗೆ ತೋರುತ್ತದೆ. ಆದರೆ ಸರದಿ ಬದಲಾಗುತ್ತಿದ್ದರೆ ಮಾತ್ರ ಅದು ನ್ಯಾಯ. ಕಾವಲು ಸದಾ ಒಬ್ಬರದೇ ಆದರೆ ನಂಬಿಕೆಯ ಹೆಸರಿನಲ್ಲಿ ದುಡಿಸಿಕೊಂಡಂತೆ.

ಊರು ಬಿಟ್ಟು ಮಹಾನಗರ ಸೇರಿದ ನಮ್ಮ ಸಂಸಾರಗಳೂ ಬಹುಪಾಲು ಇಬ್ಬರ ದೋಣಿಗಳೇ. ಮಗುವಿಗೆ ಜ್ವರ ಬಂದ ರಾತ್ರಿ ಕರೆಯಲು ಅತ್ತೆಯಿಲ್ಲ, ಅಜ್ಜಿಯಿಲ್ಲ. ಗಂಡ ಆಫೀಸಿನ ದಣಿವೆಂದು ಮಲಗುತ್ತಾನೆ; ಹೆಂಡತಿಯೂ ಆಫೀಸಿನಿಂದಲೇ ಬಂದವಳು, ಆದರೂ ಎಚ್ಚರವಿರುವವಳು ಅವಳೇ. ಇದನ್ನು ತಾಯಿಯ ತ್ಯಾಗವೆಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಸಮುದ್ರ ಹೊಗಳಿಕೆಗೆ ಮರುಳಾಗದು; ನಿದ್ದೆಗೆಟ್ಟ ಕಣ್ಣಿಗೆ ಬಂಡೆ ಕಾಣದು.

ಇನ್ನೊಬ್ಬರ ನಿದ್ದೆ ಕಾಯುವುದೂ ಪ್ರೀತಿಯೇ. ಈ ರಾತ್ರಿಯ ಪಾಳಿ ಯಾರದೆಂದು ನಮ್ಮ ನಮ್ಮ ಮನೆಗಳಲ್ಲಿ ಕೇಳಿಕೊಳ್ಳೋಣ.